ಕಂಪನಿ ದುಡ್ಡು ಮಾತಾಗುವುದು ಹೇಗೆ?

ಪ್ರಶ್ನೆ: ನಮ್ಮ ಮಗ ಅಮೆರಿಕದ ಆಸ್ಟಿನ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದಾನೆ. 2024ರ ಚುನಾವಣೆ ಹೊತ್ತಿಗೆ ನಾವಿಬ್ಬರೂ ಅಲ್ಲಿದ್ದೆವು. ಟಿವಿ ಹಾಕಿದರೆ ಬರೀ ರಾಜಕೀಯದ ಜಾಹೀರಾತು. ಕೊನೆಗೆ ಬರುವ ಹೆಸರು ಪಕ್ಷದ್ದೂ ಅಲ್ಲ, ಅಭ್ಯರ್ಥಿಯದ್ದೂ ಅಲ್ಲ, ಯಾವುದೋ ಕಮಿಟಿಯದ್ದು. ಮಗನನ್ನು ಕೇಳಿದರೆ, "ಇಲ್ಲಿ ಕಂಪನಿಗಳಿಗೂ ವಾಕ್ ಸ್ವಾತಂತ್ರ್ಯ ಇದೆ ಅಪ್ಪ. ದುಡ್ಡು ಸುರಿಯೋದೂ ಮಾತಾಡಿದ ಹಾಗೇ ಅಂತ ಕೋರ್ಟ್ ಹೇಳಿದೆ" ಅಂದ. ಆದರೆ ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದು ಮಾಡಿದ್ದೂ ವಾಕ್ ಸ್ವಾತಂತ್ರ್ಯದ ಹೆಸರಿನಲ್ಲೇ ಅಲ್ವಾ? ಒಂದೇ ಹಕ್ಕು ಅಲ್ಲಿ ಬಾಗಿಲು ತೆರೆದು ಇಲ್ಲಿ ಮುಚ್ಚಿದ್ದು ಹೇಗೆ? ಇನ್ನೊಂದು ವಿಷಯ: ಮಗನಿಗೆ ಅಲ್ಲಿನ ಒಬ್ಬ ಅಭ್ಯರ್ಥಿ ಇಷ್ಟ. 25 ಡಾಲರ್ ಕಳಿಸಲಾ ಅಂತ ಕೇಳುತ್ತಿದ್ದಾನೆ. ಕಳಿಸಬಹುದಾ?
(ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಸುಲಭದ್ದನ್ನು ಮೊದಲು ಮುಗಿಸೋಣ. ಮಗ ದುಡ್ಡು ಕಳಿಸಬಾರದು. ಅಧ್ಯಕ್ಷರ ಚುನಾವಣೆ ಇರಲಿ, ಊರಿನ ಮೇಯರ್ ಚುನಾವಣೆ ಇರಲಿ, ವಿದೇಶಿ ಪ್ರಜೆ ಅಭ್ಯರ್ಥಿಗೆ ದೇಣಿಗೆ ಕೊಡುವುದನ್ನು ಅಮೆರಿಕದ ಕಾನೂನು ನಿಷೇಧಿಸಿದೆ. ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ವಿನಾಯಿತಿ. ಎಚ್-1ಬಿ ಇದ್ದವರು ಎಷ್ಟು ವರ್ಷ ಅಲ್ಲಿದ್ದರೂ, ಎಷ್ಟು ತೆರಿಗೆ ಕಟ್ಟಿದರೂ 1 ಡಾಲರ್ ಕೂಡ ಕೊಡುವ ಹಾಗಿಲ್ಲ. ಸಂಬಳ ತೆಗೆದುಕೊಳ್ಳದೆ ಪ್ರಚಾರದಲ್ಲಿ ಓಡಾಡಬಹುದು, ಅಷ್ಟೇ.

ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವರೂ ಇದ್ದಾರೆ. ನ್ಯೂಯಾರ್ಕ್‌ನಲ್ಲಿ ತಾತ್ಕಾಲಿಕ ವೀಸಾದ ಮೇಲಿದ್ದ ಕೆನಡಾದ ವಕೀಲರೊಬ್ಬರಿಗೆ ಒಬಾಮ ಮತ್ತೆ ಗೆಲ್ಲಬೇಕು ಅನ್ನಿಸಿತ್ತು. ಒಂದಷ್ಟು ಕರಪತ್ರ ಅಚ್ಚು ಹಾಕಿಸಿ ಸೆಂಟ್ರಲ್ ಪಾರ್ಕಿನಲ್ಲಿ ಹಂಚುತ್ತೇನೆ ಅಂದರು. 2011ರಲ್ಲಿ ಮೂವರು ಜಡ್ಜುಗಳ ಪೀಠ ಆಗದು ಅಂತ ಹೇಳಿತು. ತೀರ್ಪು ಬರೆದವರು ಬ್ರೆಟ್ ಕ್ಯಾವನಾ, ಈಗ ಸುಪ್ರೀಂ ಕೋರ್ಟಿನಲ್ಲಿದ್ದಾರೆ. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಸಾಲಿನ ಕಾರಣವನ್ನೂ ಬರೆಯದೆ ಅದನ್ನು ಎತ್ತಿಹಿಡಿಯಿತು. ಅಂದರೆ ನಿಮ್ಮ ಮಗ ತನ್ನ ಅಭ್ಯರ್ಥಿಗೆ ವೋಟ್ ಹಾಕಿ ಅಂತ ಕರಪತ್ರ ಅಚ್ಚು ಹಾಕಿಸಿದರೂ ತಪ್ಪು. ಅವನಿಗೆ ಸಂಬಳ ಕೊಡುವ ಅಮೆರಿಕದ ಕಂಪನಿ ಅದೇ ಕೆಲಸಕ್ಕೆ ಕೋಟಿ ಡಾಲರ್ ಸುರಿದರೂ ತಪ್ಪಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಮಗ ಹೇಳಿದ್ದು ಅರ್ಧ ಸರಿ. 'ದುಡ್ಡೇ ಮಾತು' ಅನ್ನುವುದು ಟೀಕಾಕಾರರು ಕಟ್ಟಿದ ಘೋಷಣೆ. ಕೋರ್ಟಿನ ವಾದ ಇಷ್ಟು: ನಾಲ್ಕು ಜನಕ್ಕೆ ಮಾತು ಮುಟ್ಟಿಸಬೇಕಾದರೆ ಖರ್ಚು ಆಗಿಯೇ ಆಗುತ್ತದೆ. ಆ ಖರ್ಚಿಗೆ ಸರ್ಕಾರ ಮಿತಿ ಹಾಕಿದರೆ ಮಾತು ಎಷ್ಟು ದೂರ ಹೋಗಬೇಕು ಅನ್ನುವುದನ್ನೂ ಸರ್ಕಾರವೇ ತೀರ್ಮಾನಿಸಿದ ಹಾಗಾಯಿತು.

ಇದನ್ನು ಅಮೆರಿಕದವರ ಹುಚ್ಚು ಅಂತ ತಳ್ಳಿಹಾಕಬೇಡಿ. ನಮ್ಮ ಸುಪ್ರೀಂ ಕೋರ್ಟೂ ಇದನ್ನು ಒಪ್ಪಿದೆ. ಪತ್ರಿಕೆಗಳು ಇಂತಿಷ್ಟು ಬೆಲೆಗೆ ಇಂತಿಷ್ಟೇ ಪುಟ ಕೊಡಬೇಕು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದಾಗ, ಸಕಾಳ್ ಪತ್ರಿಕೆಯ ಕೇಸಿನಲ್ಲಿ ಕೋರ್ಟ್ ಅದನ್ನು ಹೊಡೆದು ಹಾಕಿತು. 1972ರಲ್ಲಿ ಟೈಮ್ಸ್ ಆಫ್ ಇಂಡಿಯಾ ಪ್ರಕಟಿಸುವ ಬೆನೆಟ್ ಕೋಲ್ಮನ್ ಕೇಸಿನಲ್ಲೂ ಹಾಗೇ ಆಯಿತು. ಸರ್ಕಾರ ನ್ಯೂಸ್‌ಪ್ರಿಂಟ್ ಹಂಚಿಕೆಯ ನೆಪದಲ್ಲಿ 10 ಪುಟದ ಮಿತಿ ಹಾಕಿತ್ತು. ಕಾಗದಕ್ಕೆ ಹಾಕಿದ ಕಡಿವಾಣ ಕೊನೆಗೆ ಬೀಳುವುದು ಮಾತಿನ ಮೇಲೆ ಅನ್ನುವುದೇ ಆ ತೀರ್ಪಿನ ಜೀವಾಳ. ಬೆನೆಟ್ ಕೋಲ್ಮನ್ ಕೂಡ ಒಂದು ಕಂಪನಿಯೇ ತಾನೇ.

ಅಮೆರಿಕದಲ್ಲಿ ಈ ವಾದ ಚುನಾವಣೆಗೆ ಬಂದದ್ದು 1976ರ ಬಕ್ಲೀ ಕೇಸಿನಲ್ಲಿ. ವಾಟರ್‌ಗೇಟ್ ಹಗರಣ ಆದ ಮೇಲೆ, 1974ರಲ್ಲಿ ಅಲ್ಲಿನ ಸಂಸತ್ತು ಒಂದು ಬಿಗಿ ಕಾನೂನು ಮಾಡಿತು. ಅಭ್ಯರ್ಥಿಗೆ ಕೊಡುವ ದೇಣಿಗೆಗೆ ಮಿತಿ. ಅಭ್ಯರ್ಥಿಯ ಜೊತೆ ಸಂಬಂಧವೇ ಇಲ್ಲದೆ ಯಾರಾದರೂ ತಾವಾಗಿ ಪ್ರಚಾರ ಮಾಡಿದರೆ ಅದಕ್ಕೂ ವರ್ಷಕ್ಕೆ 1,000 ಡಾಲರ್ ಮಿತಿ. ಆಗ ದೊಡ್ಡ ಪತ್ರಿಕೆಯಲ್ಲಿ ಒಂದು ಪುಟದ ಜಾಹೀರಾತಿಗೇ ಸುಮಾರು 7,000 ಡಾಲರ್ ಬೇಕಿತ್ತು. ಕಾನೂನಿನ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಬಲಪಂಥದ ಸೆನೆಟರ್ ಜೇಮ್ಸ್ ಬಕ್ಲೀ ಇದ್ದರು, ಯುದ್ಧ ವಿರೋಧಿ ಯೂಜೀನ್ ಮೆಕಾರ್ಥಿಯೂ ಇದ್ದರು. ಕೋರ್ಟ್ ನಡುವೆ ಒಂದು ಗೆರೆ ಎಳೆಯಿತು. ಅಭ್ಯರ್ಥಿಯ ಕೈಗೆ ಕೊಡುವ ದುಡ್ಡಿಗೆ ಮಿತಿ ಹಾಕಬಹುದು, ಏಕೆಂದರೆ ಅಲ್ಲಿ ಕೊಟ್ಟು ತೆಗೆದುಕೊಳ್ಳುವ ವ್ಯವಹಾರದ ಭಯ ಇದೆ. ತಾನೇ ಮಾತಾಡಲು ತಾನೇ ಮಾಡುವ ಖರ್ಚಿಗೆ ಮಿತಿ ಹಾಕಬಾರದು.

ಆ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ನನ್ನ ಪ್ರಕಾರ ನಮಗೂ ಅವರಿಗೂ ಇರುವ ಅಂತರ ಹುಟ್ಟುವುದೇ ಅಲ್ಲಿ. ಕೆಲವರ ದನಿ ದೊಡ್ಡದಾಯಿತು ಅಂತ ಅದನ್ನು ತಗ್ಗಿಸಿ ಉಳಿದವರ ದನಿ ಕೇಳುವಂತೆ ಮಾಡುವುದು ಸರ್ಕಾರದ ಕೆಲಸ ಅಲ್ಲ, ಅದು ಅಮೆರಿಕದ ಸಂವಿಧಾನದ ವಾಕ್ ಸ್ವಾತಂತ್ರ್ಯದ ವಿಧಿಗೆ ಪೂರ್ತಿ ಪರಕೀಯ ಅಂತ ಕೋರ್ಟ್ ಬರೆಯಿತು. ಭಾರತದ ಸಂವಿಧಾನ ಓದಿದ ಯಾರಿಗಾದರೂ ಇದು ಸ್ವಲ್ಪ ಕಸಿವಿಸಿ ಮಾಡುವ ಮಾತು.

ಕಂಪನಿಗಳ ಕಥೆ ಇದಕ್ಕಿಂತ ಹಳೆಯದು. 1896ರಲ್ಲಿ ಅಧ್ಯಕ್ಷ ಪದವಿಗೆ ನಿಂತ ವಿಲಿಯಂ ಮೆಕಿನ್ಲಿ ಪರ ಪ್ರಚಾರ ನಡೆಸಿದ ಮಾರ್ಕ್ ಹ್ಯಾನಾ ಬ್ಯಾಂಕುಗಳ ಮೇಲೆ ಅವುಗಳ ಬಂಡವಾಳದ ಕಾಲು ಪರ್ಸೆಂಟ್ ಲೆಕ್ಕದಲ್ಲಿ ವಂತಿಗೆ ಹಾಕಿದ್ದ. 1907ರಲ್ಲಿ ಟಿಲ್‌ಮನ್ ಕಾಯ್ದೆ ಬಂದು, ರಾಷ್ಟ್ರಮಟ್ಟದ ಚುನಾವಣೆಯಲ್ಲಿ ಕಂಪನಿ ಅಭ್ಯರ್ಥಿಗೆ ನೇರವಾಗಿ ದೇಣಿಗೆ ಕೊಡುವುದು ನಿಷೇಧ ಆಯಿತು. ಆ ನಿಷೇಧ ಇವತ್ತಿಗೂ ಜಾರಿಯಲ್ಲಿದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಭಾರತದಲ್ಲಿ ಒಂದು ಕಂಪನಿ ಪಕ್ಷಕ್ಕೆ ನೇರವಾಗಿ ಚೆಕ್ ಬರೆದು ಕೊಡಬಹುದು. ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ನಿಂತವರ ಪ್ರಚಾರದ ಖಾತೆಗೆ ಹಾಗೆ ಕೊಟ್ಟರೆ ಅಪರಾಧ. ಕಂಪನಿಗಳಿಗೆ ಇರುವ ದಾರಿ ಪಕ್ಕದ್ದು: ಅಭ್ಯರ್ಥಿಯ ಕೈಗೆ ಕೊಡದೆ ತಾವೇ ಪ್ರಚಾರಕ್ಕೆ ಖರ್ಚು ಮಾಡುವುದು.

ಆ ಪಕ್ಕದ ದಾರಿಯನ್ನು ಹೆದ್ದಾರಿ ಮಾಡಿದ್ದೇ ನಿಮ್ಮ ಮಗ ಹೇಳಿದ ಕೇಸು, ಸಿಟಿಜನ್ಸ್ ಯುನೈಟೆಡ್. ಅದು ಶುರುವಾದದ್ದು ಒಂದು ಸಿನಿಮಾದಿಂದ. ಆ ಹೆಸರಿನ ಬಲಪಂಥೀಯ ಸಂಸ್ಥೆ ಹಿಲರಿ ಕ್ಲಿಂಟನ್ ವಿರುದ್ಧ 90 ನಿಮಿಷದ ಒಂದು ಚಿತ್ರ ಮಾಡಿತ್ತು. 2008ರ ಪ್ರಾಥಮಿಕ ಚುನಾವಣೆ (ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಸುತ್ತು) ಹೊತ್ತಿಗೆ ಅದನ್ನು ಕೇಬಲ್ ಟಿವಿಯಲ್ಲಿ ಬಿಟ್ಟಿಯಾಗಿ ತೋರಿಸುವ ಯೋಜನೆ ಇತ್ತು. ಕೇಬಲ್ ಕಂಪನಿಗೆ 12 ಲಕ್ಷ ಡಾಲರ್ ಕೊಟ್ಟರೆ, ಬೇಕಾದವರು ರಿಮೋಟ್ ಒತ್ತಿ ನೋಡಬಹುದಿತ್ತು. ಆದರೆ 2002ರ ಒಂದು ಕಾನೂನು ಅಡ್ಡ ಬಂತು. ಪ್ರಾಥಮಿಕ ಚುನಾವಣೆಗೆ 30 ದಿನ, ಮುಖ್ಯ ಚುನಾವಣೆಗೆ 60 ದಿನ ಇರುವಾಗ ಕಂಪನಿಗಳು, ಕಾರ್ಮಿಕ ಸಂಘಗಳು ತಮ್ಮ ಖಜಾನೆಯ ದುಡ್ಡಿನಲ್ಲಿ ಅಭ್ಯರ್ಥಿಯ ಹೆಸರೆತ್ತಿ ಟಿವಿ, ರೇಡಿಯೊದಲ್ಲಿ ಪ್ರಸಾರ ಮಾಡಬಾರದು ಅನ್ನುವ ಕಾನೂನು. ಸಿಟಿಜನ್ಸ್ ಯುನೈಟೆಡ್ ಲಾಭಕ್ಕಾಗಿ ನಡೆಯುವ ಸಂಸ್ಥೆ ಅಲ್ಲ. ಆದರೂ ಕಾನೂನಿನ ಲೆಕ್ಕದಲ್ಲಿ ಅದು ಕಾರ್ಪೊರೇಷನ್.

2009ರ ಮಾರ್ಚ್ 24ರಂದು ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯಿತು. ಸರ್ಕಾರದ ವಕೀಲರಿಗೆ ಜಸ್ಟಿಸ್ ಅಲಿಟೊ ಒಂದು ಪ್ರಶ್ನೆ ಹಾಕಿದರು. ಇದೇ ವಿಷಯ ಸಿನಿಮಾ ಬದಲು ಪುಸ್ತಕದಲ್ಲಿ ಇದ್ದಿದ್ದರೆ? ಅದನ್ನೂ ನಿಷೇಧಿಸುವ ಅಧಿಕಾರ ಸಂಸತ್ತಿಗೆ ಇದೆಯೇ? ವಕೀಲರು ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. ಕಂಪನಿಯ ಖಜಾನೆ ದುಡ್ಡಿನಲ್ಲಿ ಪ್ರಕಟವಾದರೆ, ಇದೆ. ಜಡ್ಜುಗಳು ಬೆಚ್ಚಿದರು. 500 ಪುಟದ ಪುಸ್ತಕದ ಕೊನೆಯ ಒಂದೇ ಸಾಲಿನಲ್ಲಿ ಇಂಥವರಿಗೆ ವೋಟ್ ಹಾಕಿ ಅಂತ ಇದ್ದರೂ ಹಾಗೆಯೇ ಅಂತ ಕೇಳಿದ್ದಕ್ಕೂ ಸರ್ಕಾರದ ಉತ್ತರ ಬದಲಾಗಲಿಲ್ಲ. ಅಲ್ಲಿಗೆ ಕೇಸಿನ ದಿಕ್ಕೇ ತಿರುಗಿತು. ಕೋರ್ಟ್ ತಾನಾಗಿಯೇ ಇನ್ನೊಮ್ಮೆ ವಾದ ಕೇಳುತ್ತೇನೆ ಅಂದಿತು, ಅದೂ ಹಿಂದಿನ ತೀರ್ಪುಗಳನ್ನೇ ರದ್ದು ಮಾಡಬೇಕೇ ಅನ್ನುವ ಪ್ರಶ್ನೆ ಇಟ್ಟುಕೊಂಡು. ಸೆಪ್ಟೆಂಬರ್ 9ರಂದು ಸರ್ಕಾರದ ಪರ ಎಲೆನಾ ಕೇಗನ್ ನಿಂತರು. ಸುಪ್ರೀಂ ಕೋರ್ಟಿನಲ್ಲಿ ಅದು ಅವರ ಮೊದಲ ವಾದ. ಪುಸ್ತಕದ ಬಗ್ಗೆ ಸರ್ಕಾರದ ಉತ್ತರ ಬದಲಾಗಿದೆ ಅಂದರು. ಹಾಗಾದರೆ ಕರಪತ್ರ? ಅದು ಬೇರೆ, ಅದು ಪ್ರಚಾರವೇ ಅಂದುಬಿಟ್ಟರು. ಕರಪತ್ರಗಳು ಹೊತ್ತಿಸಿದ ಸ್ವಾತಂತ್ರ್ಯ ಹೋರಾಟದಿಂದ ಹುಟ್ಟಿದ ದೇಶದಲ್ಲಿ ಈ ಮಾತು ಹೇಗೆ ಕೇಳಿಸಿರಬಹುದು ಯೋಚಿಸಿ.

2010ರ ಜನವರಿ 21ರಂದು 5-4ರ ತೀರ್ಪು ಬಂತು. ಬರೆದವರು ಜಸ್ಟಿಸ್ ಕೆನಡಿ. ಮಾತಾಡುವವರು ಯಾರು ಅನ್ನುವುದನ್ನು ನೋಡಿ ಮಾತಿಗೆ ತಡೆ ಹಾಕುವ ಹಾಗಿಲ್ಲ, ಸಂಘ ಕಟ್ಟಿಕೊಂಡು ಮಾತಾಡಿದರೂ ಅದು ಮಾತೇ ಅಂತ ಅವರು ಬರೆದರು. ಪತ್ರಿಕೆಗಳೂ ಕಂಪನಿಗಳೇ, ಇವತ್ತು ಸಿನಿಮಾಕ್ಕೆ ಹಾಕಿದ ಬೇಡಿ ನಾಳೆ ಅವುಗಳ ಕೈಗೂ ಬೀಳಬಹುದು ಅನ್ನುವ ಭಯವೂ ಅದರಲ್ಲಿತ್ತು. ಈ ತೀರ್ಪನ್ನು ಶ್ರೀಮಂತರ ಪಿತೂರಿ ಅಂತ ಸುಮ್ನೆ ಬೈಯುವವರಿಗೆ ನಾನು ಒಂದು ವಿಷಯ ನೆನಪಿಸುತ್ತೇನೆ. ನಾಗರಿಕ ಹಕ್ಕುಗಳಿಗೆ ಹೋರಾಡುವ ಎಸಿಎಲ್‌ಯು, ಎಡಪಂಥದ್ದು ಅಂತಲೇ ಹೆಸರಾದ ಸಂಸ್ಥೆ, ಈ ಕೇಸಿನಲ್ಲಿ ಸಿಟಿಜನ್ಸ್ ಯುನೈಟೆಡ್ ಪರ ನಿಂತಿತ್ತು.

ಇಲ್ಲಿವರೆಗೆ ನನಗೂ ತೀರ್ಪಿನ ಜೊತೆ ದೊಡ್ಡ ಜಗಳ ಇಲ್ಲ. ಚುನಾವಣೆಗೆ ಮುಂಚೆ ಒಂದು ಸಿನಿಮಾ ತೋರಿಸಬಾರದು ಅನ್ನುವ ಅಧಿಕಾರ ಸರ್ಕಾರದ ಕೈಗೆ ಕೊಡುವುದು ನನಗೂ ಬೇಡ. ಜಗಳ ಇರುವುದು ಮುಂದಿನ ಹೆಜ್ಜೆಯಲ್ಲಿ. ಅಭ್ಯರ್ಥಿಯ ಜೊತೆ ಸಮಾಲೋಚನೆ ಇಲ್ಲದೆ ಮಾಡುವ ಖರ್ಚು ಭ್ರಷ್ಟಾಚಾರಕ್ಕೆ ದಾರಿ ಮಾಡುವುದಿಲ್ಲ, ಭ್ರಷ್ಟಾಚಾರದ ಅನುಮಾನಕ್ಕೂ ಎಡೆ ಕೊಡುವುದಿಲ್ಲ ಅಂತ ಕೆನಡಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಇದು ಕಾನೂನಿನ ಮಾತಲ್ಲ, ಲೋಕ ಹೇಗೆ ನಡೆಯುತ್ತದೆ ಅನ್ನುವುದರ ಬಗ್ಗೆ ಒಂದು ಊಹೆ. ಒಬ್ಬ ನನ್ನ ಕೈಗೆ ದುಡ್ಡು ಕೊಡದೆ ನನ್ನ ಹೆಸರಲ್ಲಿ ಊರಿಗೆಲ್ಲ ಊಟ ಹಾಕಿದರೆ ಅವನ ಋಣ ನನ್ನ ಮೇಲೆ ಇಲ್ಲ ಅಂತೀರಾ?

ಎರಡೇ ತಿಂಗಳಲ್ಲಿ ಆ ಊಹೆ ಬೆಳೆಯಿತು. 2010ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್ ಸ್ಪೀಚ್‌ನೌ ಅನ್ನುವ ಸಂಸ್ಥೆಯ ಕೇಸಿನಲ್ಲಿ, ಸ್ವತಂತ್ರ ಖರ್ಚು ಭ್ರಷ್ಟ ಅಲ್ಲದಿದ್ದ ಮೇಲೆ ಅಂಥ ಖರ್ಚು ಮಾಡುವ ಗುಂಪಿಗೆ ಕೊಡುವ ದೇಣಿಗೆಗೂ ಮಿತಿ ಬೇಡ ಅಂದಿತು. ಹಾಗೆ ಹುಟ್ಟಿದ್ದು ಸೂಪರ್ ಪ್ಯಾಕ್. ನೀವು ಟಿವಿಯಲ್ಲಿ ನೋಡಿದ ಕಮಿಟಿಗಳಲ್ಲಿ ಹೆಚ್ಚಿನವು ಇವೇ ಇರಬೇಕು. ಮಿತಿ ಇಲ್ಲದೆ ಎತ್ತಬಹುದು, ಮಿತಿ ಇಲ್ಲದೆ ಸುರಿಯಬಹುದು. ಅಭ್ಯರ್ಥಿಗೆ ಕೊಡುವ ಹಾಗಿಲ್ಲ, ಅವರ ಪ್ರಚಾರದವರ ಜೊತೆ ಜಾಹೀರಾತಿನ ಬಗ್ಗೆ ಮಾತಾಡಿಕೊಳ್ಳುವ ಹಾಗಿಲ್ಲ.

ಮಾತಾಡಿಕೊಳ್ಳದೆ ಮಾತಾಡುವುದು ಹೇಗೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2014ರಲ್ಲಿ ಸೆನೆಟರ್ ಮಿಚ್ ಮೆಕಾನಲ್ ಅವರ ಪ್ರಚಾರದವರು ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ಹಾಕಿದರು. ಎರಡು ನಿಮಿಷ ದಾಟುತ್ತದೆ. ಮಾತೇ ಇಲ್ಲ. ಹಿನ್ನೆಲೆಯಲ್ಲಿ ಬರೀ ಸಂಗೀತ. ಮೆಕಾನಲ್ ಮೇಜಿನ ಹಿಂದೆ ಕೂತು ಕ್ಯಾಮೆರಾ ನೋಡಿ ನಗುತ್ತಾರೆ, ಜನರ ಕೈ ಕುಲುಕುತ್ತಾರೆ, ಹೆಂಡತಿ ಜೊತೆ ಕೂರುತ್ತಾರೆ. ಮತದಾರರಿಗೆ ಇದರಿಂದ ಏನು ಪ್ರಯೋಜನ? ಏನೂ ಇಲ್ಲ. ಅದು ಮತದಾರರಿಗೆ ಹಾಕಿದ್ದೇ ಅಲ್ಲ. ಅವರ ಪರ ಜಾಹೀರಾತು ಮಾಡುವ ಸೂಪರ್ ಪ್ಯಾಕ್‌ಗಳಿಗೆ ಒಳ್ಳೆಯ ಶಾಟ್‌ಗಳು ಬೇಕಲ್ಲ, ಅದಕ್ಕೆ ಹಾಕಿದ್ದು. ಫೋನ್ ಮಾಡಿ ಕಳಿಸಿದರೆ ತಪ್ಪು. ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಿದರೆ ಯಾರೂ ಏನೂ ಮಾಡುವ ಹಾಗಿಲ್ಲ. ಟಿವಿ ಹಾಸ್ಯ ಕಾರ್ಯಕ್ರಮದವರು ಆ ನಗುವಿಗೆ ಬೇರೆ ಬೇರೆ ಹಾಡು ಸೇರಿಸಿ ವಾರಗಟ್ಟಲೆ ಮಜಾ ತೆಗೆದುಕೊಂಡರು.

ದುಡ್ಡು ಇದ್ದರೆ ಗೆಲ್ಲುತ್ತಾರೆ ಅಂತೇನೂ ಇಲ್ಲ, ಅದನ್ನೂ ಹೇಳಬೇಕು. 2015ರ ಮೊದಲ ಆರು ತಿಂಗಳಲ್ಲೇ ಜೆಬ್ ಬುಷ್ ಪರದ ಸೂಪರ್ ಪ್ಯಾಕ್ 10 ಕೋಟಿ ಡಾಲರ್ ದಾಟಿ ಎತ್ತಿತ್ತು. 2016ರ ಫೆಬ್ರವರಿಯಲ್ಲಿ ಅವರು ಕಣದಿಂದಲೇ ಹೊರಬಿದ್ದರು. ಇನ್ನೊಂದು ತಪ್ಪು ಕಲ್ಪನೆ, ಈ ದುಡ್ಡೆಲ್ಲ ದೊಡ್ಡ ದೊಡ್ಡ ಕಂಪನಿಗಳದ್ದು ಅನ್ನುವುದು. ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಗಿರಾಕಿಗಳ ಭಯ, ಷೇರುದಾರರ ಭಯ. ಅವು ಸೂಪರ್ ಪ್ಯಾಕ್‌ಗೆ ಬಹಿರಂಗವಾಗಿ ಕೊಡುವುದು ಕಡಿಮೆ. ಸುರಿಯುವವರು ಜಾಸ್ತಿ ಮಟ್ಟಿಗೆ ಕೋಟ್ಯಧಿಪತಿಗಳು. ನೀವು ಅಲ್ಲಿದ್ದ 2024ರಲ್ಲಿ ಎಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರ್‌ಗಿಂತ ಜಾಸ್ತಿ ಹಾಕಿದರು. ಅದರ ಬಹುಪಾಲು ಅವರದೇ ಸೂಪರ್ ಪ್ಯಾಕ್‌ಗೆ ಹೋಯಿತು. ಆ ವರ್ಷ ಸಾಮಾನ್ಯ ಪ್ರಜೆ ಒಬ್ಬ ಅಭ್ಯರ್ಥಿಗೆ ನೇರವಾಗಿ ಕೊಡಬಹುದಾಗಿದ್ದದ್ದು ಒಂದು ಚುನಾವಣೆಗೆ 3,300 ಡಾಲರ್.

ಸೂಪರ್ ಪ್ಯಾಕ್ ತನಗೆ ಕೊಟ್ಟವರ ಹೆಸರು ಹೇಳಲೇಬೇಕು. ಸಿಟಿಜನ್ಸ್ ಯುನೈಟೆಡ್ ತೀರ್ಪಿನಲ್ಲಿ ಜನ ಮರೆಯುವ ಭಾಗ ಇದೇ. ಖರ್ಚಿನ ಮಿತಿ ತೆಗೆದದ್ದು 5-4ರಲ್ಲಿ. ಆದರೆ ಯಾರು ಕೊಟ್ಟರು ಅಂತ ಬಹಿರಂಗ ಮಾಡುವ ನಿಯಮವನ್ನು ಎತ್ತಿಹಿಡಿದದ್ದು 8-1ರಲ್ಲಿ. ಜಸ್ಟಿಸ್ ಥಾಮಸ್ ಒಬ್ಬರೇ ಬೇಡ ಅಂದವರು. ಇಂಟರ್ನೆಟ್ ಕಾಲದಲ್ಲಿ ಲೆಕ್ಕ ತಕ್ಷಣ ಜನರ ಮುಂದೆ ಬರುತ್ತದೆ, ಅವರೇ ನೋಡಿ ತೂಗುತ್ತಾರೆ ಅಂತ ಕೆನಡಿ ನಂಬಿದ್ದರು. ಅಂದರೆ ಮಾತಾಡುವವನಿಗೆ ಬಾಗಿಲು ಪೂರ್ತಿ ತೆರೆಯಿರಿ, ಕೇಳುವವನಿಗೆ ಮಾತಾಡಿದವನ ಹೆಸರು ಹೇಳಿ. ಇದು ಒಂದು ಒಪ್ಪಂದದ ಹಾಗಿತ್ತು. ಒಪ್ಪಂದದ ಎರಡನೇ ಅರ್ಧ ಪೂರ್ತಿಯಾಗಿ ಜಾರಿಗೆ ಬರಲೇ ಇಲ್ಲ. ಸಮಾಜ ಕಲ್ಯಾಣದ ಹೆಸರಿನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳು ಸಾಮಾನ್ಯವಾಗಿ ದಾನಿಗಳ ಹೆಸರು ಹೇಳಬೇಕಾಗಿಲ್ಲ. ದುಡ್ಡು ಮೊದಲು ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಸೂಪರ್ ಪ್ಯಾಕ್‌ಗೆ. ಸೂಪರ್ ಪ್ಯಾಕ್ ನಿಯತ್ತಾಗಿ ಆ ಸಂಸ್ಥೆಯ ಹೆಸರು ಬರೆಯುತ್ತದೆ. ಅದರ ಹಿಂದೆ ಯಾರಿದ್ದಾರೆ ಗೊತ್ತಾಗುವುದಿಲ್ಲ. ಇದಕ್ಕೇ ಅಲ್ಲಿ ಡಾರ್ಕ್ ಮನಿ ಅನ್ನುವುದು. ಇದನ್ನು ಸರಿಪಡಿಸುವ ಮಸೂದೆ 2010ರಲ್ಲೇ ಕೆಳಮನೆಯಲ್ಲಿ ಪಾಸಾಗಿ, ಸೆನೆಟ್‌ನಲ್ಲಿ ಬೇಕಾದ 60 ಮತ ಸಿಗದೆ ಬಿದ್ದುಹೋಯಿತು.

ಈಗ ಭಾರತಕ್ಕೆ ಬನ್ನಿ. ನಮ್ಮಲ್ಲಿ ಈ ಚರ್ಚೆ 1957ರಷ್ಟು ಹಿಂದೆಯೇ ಶುರುವಾಗಿದೆ. ಟಾಟಾ ಉಕ್ಕಿನ ಕಂಪನಿ ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ಅನುಕೂಲ ಆಗುವಂತೆ ತನ್ನ ನಿಯಮ ಬದಲಿಸಿಕೊಳ್ಳಲು ಹೊರಟಿತು. ಒಬ್ಬ ಷೇರುದಾರ ಬಾಂಬೆ ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರಿಗೆ ತಡೆಯುವ ಕಾನೂನು ಕಾಣಲಿಲ್ಲ, ಒಪ್ಪಿಗೆ ಕೊಟ್ಟರು. ಆದರೆ ಈ ಅಪಾಯ ಬೇಗ ಬೆಳೆದು ಒಂದು ದಿನ ಪ್ರಜಾಪ್ರಭುತ್ವದ ಕತ್ತನ್ನೇ ಹಿಸುಕಬಹುದು ಅಂತ ಎಚ್ಚರಿಕೆ ಬರೆದೇ ಒಪ್ಪಿಗೆ ಕೊಟ್ಟರು. 1969ರಲ್ಲಿ ಇಂದಿರಾ ಗಾಂಧಿ ಸರ್ಕಾರ ಕಂಪನಿ ದೇಣಿಗೆಯನ್ನೇ ನಿಷೇಧಿಸಿತು. ದುಡ್ಡು ನಿಂತಿತಾ? ನಿಲ್ಲಲಿಲ್ಲ. ಪಕ್ಷಗಳು ಸ್ಮರಣ ಸಂಚಿಕೆ ತಂದವು, ಕಂಪನಿಗಳು ಅದರಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟವು. ಉಳಿದದ್ದು ಕಪ್ಪು ಹಣವಾಗಿ ಬಂತು. 1985ರಲ್ಲಿ ಮತ್ತೆ ಅನುಮತಿ ಸಿಕ್ಕಿತು. 2013ರ ಕಂಪನಿ ಕಾಯ್ದೆಯಲ್ಲಿ ಮೂರು ವರ್ಷದ ಸರಾಸರಿ ಲಾಭದ 7.5 ಪರ್ಸೆಂಟ್ ಮಿತಿ ಬಂತು. 2017ರಲ್ಲಿ ಆ ಮಿತಿಯೂ ಹೋಯಿತು, ಯಾವ ಪಕ್ಷಕ್ಕೆ ಕೊಟ್ಟೆ ಅಂತ ಹೇಳುವ ಕರ್ತವ್ಯವೂ ಹೋಯಿತು. ಲಾಭವೇ ಇಲ್ಲದ ಕಂಪನಿ ಕೂಡ ಕೊಡಬಹುದು ಅಂತಾಯಿತು. 2018ರ ಜನವರಿಯಲ್ಲಿ ಚುನಾವಣಾ ಬಾಂಡ್ ಯೋಜನೆ ಜಾರಿಗೆ ಬಂತು: ಬ್ಯಾಂಕಿನಲ್ಲಿ ಬಾಂಡ್ ಕೊಂಡು ಬೇಕಾದ ಪಕ್ಷಕ್ಕೆ ಕೊಡುವುದು.

ಆ ಬಾಂಡಿನ ಕಾಗದ ನೋಡಬೇಕಿತ್ತು. 1,000 ರೂಪಾಯಿಂದ 1 ಕೋಟಿವರೆಗೆ ಐದು ಬಗೆ, ಸ್ಟೇಟ್ ಬ್ಯಾಂಕ್‌ನಲ್ಲಿ ಮಾತ್ರ ಸಿಗುತ್ತಿತ್ತು. ಮೇಲೆ ಕೊಂಡವರ ಹೆಸರಿಲ್ಲ, ಪಕ್ಷದ ಹೆಸರಿಲ್ಲ. ಪತ್ರಕರ್ತೆ ಪೂನಂ ಅಗರ್‌ವಾಲ್ 1,000 ರೂಪಾಯಿಯ ಬಾಂಡ್ ಕೊಂಡು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರು. ಅಲ್ಟ್ರಾವಯಲೆಟ್ ಬೆಳಕಿಗೆ ಹಿಡಿದಾಗ ಬರಿಗಣ್ಣಿಗೆ ಕಾಣದ ಒಂದು ನಂಬರ್ ಮೂಲೆಯಲ್ಲಿ ಹೊಳೆಯಿತು. ಅಂದರೆ ಕೊಟ್ಟವರು ಯಾರು ಅಂತ ಕೊಟ್ಟವರಿಗೆ ಗೊತ್ತು, ತೆಗೆದುಕೊಂಡವರಿಗೆ ಗೊತ್ತಾಗದೆ ಇರುವುದಿಲ್ಲ, ಪತ್ತೆ ಮಾಡುವ ದಾರಿ ಸರ್ಕಾರಿ ಬ್ಯಾಂಕಿನ ಕೈಯಲ್ಲಿದೆ. ಗೊತ್ತಿಲ್ಲದೆ ಉಳಿದವರು ಮತದಾರರು ಮಾತ್ರ.

2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠ ಹಿಡಿದದ್ದು ಈ ಎಳೆಯನ್ನೇ. ಕೋರ್ಟಿಗೆ ಹೋದವರಲ್ಲಿ ಚುನಾವಣಾ ಸುಧಾರಣೆಗೆ ದುಡಿಯುವ ಎಡಿಆರ್ ಸಂಸ್ಥೆ ಮುಖ್ಯವಾದದ್ದು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ತ್ರಿಲೋಚನ ಶಾಸ್ತ್ರಿ ಆಮೇಲೆ ನಮ್ಮ ಬೆಂಗಳೂರಿನ ಐಐಎಂನಲ್ಲಿ ಪ್ರಾಧ್ಯಾಪಕರಾದರು. ಅಭ್ಯರ್ಥಿಯ ಆಸ್ತಿ, ಕ್ರಿಮಿನಲ್ ಕೇಸು ತಿಳಿಯುವುದು ಮತದಾರನ ಹಕ್ಕು ಅನ್ನುವ 2002ರ ತೀರ್ಪೂ ಇದೇ ಸಂಸ್ಥೆಯ ಕೇಸಿನಲ್ಲಿ ಬಂದದ್ದು. ನಮ್ಮ ಸಂವಿಧಾನದ 19(1)(ಎ) ವಿಧಿ ಮಾತಾಡುವ ಹಕ್ಕು ಕೊಡುತ್ತದೆ. ತಿಳಿಯುವ ಹಕ್ಕೂ ಅದರೊಳಗೇ ಇದೆ, ಪಕ್ಷಕ್ಕೆ ಯಾರು ದುಡ್ಡು ಕೊಟ್ಟರು ಅಂತ ಗೊತ್ತಿಲ್ಲದೆ ವೋಟ್ ಹಾಕಿ ಅನ್ನುವುದು ಆ ಹಕ್ಕಿಗೆ ಪೆಟ್ಟು ಅಂತ ಕೋರ್ಟ್ ಹೇಳಿತು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಮೆರಿಕದ ಕೋರ್ಟ್ ಕೂತು ನೋಡಿದ್ದು ಮಾತಾಡುವವನ ಕಡೆಯಿಂದ. ನಮ್ಮ ಕೋರ್ಟ್ ನೋಡಿದ್ದು ಕೇಳುವವನ ಕಡೆಯಿಂದ. ಹಕ್ಕು ಒಂದೇ, ಕೂತ ಜಾಗ ಬೇರೆ. ಕಂಪನಿಯ ವಿಷಯದಲ್ಲಂತೂ ಇಬ್ಬರೂ ಪೂರ್ತಿ ಬೇರೆ ದಾರಿ ಹಿಡಿದರು. ಸಾಮಾನ್ಯ ಮನುಷ್ಯ ಪಕ್ಷಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಅಭಿಪ್ರಾಯ ಇರಬಹುದು ಅಂತ ನಮ್ಮ ಕೋರ್ಟ್ ಒಪ್ಪಿತು. ಕಂಪನಿ ಕೊಡುವುದು ಬರೀ ವ್ಯವಹಾರ, ಪ್ರತಿಯಾಗಿ ಏನೋ ಸಿಗಲಿ ಅಂತ ಕೊಡುವುದು ಅಂದಿತು. ಮಿತಿ ತೆಗೆದ ತಿದ್ದುಪಡಿಯನ್ನು ಸಮಾನತೆಯ ವಿಧಿಯ ಮೇಲೆ ಹೊಡೆದು ಹಾಕಿತು. ಬಕ್ಲೀ ತೀರ್ಪು ಪರಕೀಯ ಅಂದ ಸಮಾನತೆ ಇಲ್ಲಿ ಕೇಸನ್ನೇ ಗೆದ್ದಿತು. ಬಾಂಡ್ ಕೊಂಡವರ ಪಟ್ಟಿ ಕೊಡಿ ಅಂತ ಕೋರ್ಟ್ ಹೇಳಿದ್ದಕ್ಕೆ ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಸಮಯ ಕೇಳಿತು, ಅಂದರೆ ಲೋಕಸಭಾ ಚುನಾವಣೆ ಮುಗಿಯುವವರೆಗೆ. ಮಾರ್ಚ್ 11ರಂದು ಕೋರ್ಟ್ ಅದನ್ನು ತಳ್ಳಿಹಾಕಿದ್ದರಿಂದ ವೋಟ್ ಹಾಕುವ ಮುಂಚೆ ಜನ ಪಟ್ಟಿ ನೋಡಿದರು. ಒಟ್ಟು ಮಾರಾಟವಾಗಿದ್ದ ಬಾಂಡ್ 16,518 ಕೋಟಿ ರೂಪಾಯಿಯದ್ದು. ಬಹಿರಂಗವಾದ ಪಟ್ಟಿಯಲ್ಲಿ ಎಲ್ಲರಿಗಿಂತ ಜಾಸ್ತಿ, 1,368 ಕೋಟಿ ಕೊಂಡಿದ್ದದ್ದು ಒಂದು ಲಾಟರಿ ಕಂಪನಿ.

ಅಮೆರಿಕದ ಆ ಪಕ್ಕದ ದಾರಿ ನಮ್ಮಲ್ಲಿ ಕಾಗದದ ಮೇಲೆ ಇಲ್ಲವೇ ಇಲ್ಲ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಪರ ಸಭೆಗೋ ಜಾಹೀರಾತಿಗೋ ಖರ್ಚು ಮಾಡುವುದು ನಮ್ಮಲ್ಲಿ ಅಪರಾಧ. ಹಳೆಯ ದಂಡ ಸಂಹಿತೆಯ 171ಎಚ್ ಕಲಂ ಅದನ್ನೇ ಹೇಳುತ್ತಿತ್ತು, ಹೊಸ ನ್ಯಾಯ ಸಂಹಿತೆಯಲ್ಲೂ ಅದು ಮುಂದುವರಿದಿದೆ. 10 ರೂಪಾಯಿವರೆಗಿನ ಖರ್ಚಾದರೆ 10 ದಿನದೊಳಗೆ ಒಪ್ಪಿಗೆ ತಂದರೆ ಸಾಕು ಅಂತ ಹಳೆಯ ಕಲಮಿನಲ್ಲಿ ಒಂದು ರಿಯಾಯಿತಿಯೂ ಇತ್ತು! ಕರ್ನಾಟಕದಲ್ಲಿ ವಿಧಾನಸಭೆಗೆ ನಿಂತವರ ಖರ್ಚಿನ ಮಿತಿ 40 ಲಕ್ಷ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಹೀಗಾಗಿ ಅಲ್ಲಿ ಸೂಪರ್ ಪ್ಯಾಕ್ ಮಾಡುವ ಕೆಲಸವನ್ನು ಇಲ್ಲಿ ಪಕ್ಷವೇ ರಾಜಾರೋಷವಾಗಿ ಮಾಡುತ್ತದೆ.

ಹಾಗಂತ ಬಾಂಡ್ ತೀರ್ಪು ಕಂಪನಿ ದುಡ್ಡನ್ನು ನಿಲ್ಲಿಸಿತು ಅಂದುಕೊಳ್ಳಬೇಡಿ. 7.5 ಪರ್ಸೆಂಟ್ ಮಿತಿಯೊಳಗೆ ಕಂಪನಿಗಳು ಚೆಕ್‌ನಲ್ಲಿ ಕೊಡಬಹುದು. 2013ರಿಂದ ಇರುವ ಚುನಾವಣಾ ಟ್ರಸ್ಟ್‌ಗಳ ಮೂಲಕವೂ ಕೊಡಬಹುದು, ಕೊಡುತ್ತಲೂ ಇವೆ. ಟ್ರಸ್ಟ್‌ಗೆ ಯಾರು ಕೊಟ್ಟರು, ಅದು ಯಾವ ಪಕ್ಷಕ್ಕೆ ಹಂಚಿತು ಅನ್ನುವ ಪಟ್ಟಿ ಚುನಾವಣಾ ಆಯೋಗಕ್ಕೆ ಹೋಗುತ್ತದೆ. ಆದರೆ ಹಲವು ಕಂಪನಿಗಳ ದುಡ್ಡು ಒಂದೇ ಪಾತ್ರೆಗೆ ಬಿದ್ದ ಮೇಲೆ ಯಾರದ್ದು ಯಾರಿಗೆ ಹೋಯಿತು ಅಂತ ಬಿಡಿಸಿ ಹೇಳುವುದು ಕಷ್ಟ. 20,000 ರೂಪಾಯಿಗಿಂತ ಕಡಿಮೆ ಕೊಟ್ಟವರ ಹೆಸರು ಹೇಳುವ ಕಟ್ಟುಪಾಡೂ ಪಕ್ಷಕ್ಕಿಲ್ಲ. ಅಮೆರಿಕದಲ್ಲಿ ಈ ಗೆರೆ ಇರುವುದು 200 ಡಾಲರ್‌ಗೆ.

ಕೇಳುವವನ ಹಕ್ಕು ಅಂತ ನಮ್ಮ ಕೋರ್ಟ್ ಹೇಳಿದ್ದು ಎಷ್ಟು ಸರಿಯೋ, ಅದು ಕೈಗೆ ಸಿಗುವ ಹೊತ್ತು ಅಷ್ಟೇ ತಡ. 2023ರ ಮೇ 10ರಂದು ನೀವು ವಿಧಾನಸಭೆಗೆ ವೋಟ್ ಹಾಕಿದಿರಿ. ಅದಕ್ಕೆ ಎರಡು ವಾರ ಮುಂಚೆ, ಏಪ್ರಿಲ್‌ನಲ್ಲಿ, ಒಂದು ಕಂಪನಿ ಒಂದು ಪಕ್ಷಕ್ಕೆ ಚೆಕ್ ಕೊಟ್ಟಿತ್ತು ಅಂತ ಇಟ್ಟುಕೊಳ್ಳಿ. ಅದು 2023-24ರ ಲೆಕ್ಕಕ್ಕೆ ಸೇರುತ್ತದೆ. ಆ ವರ್ಷ ಮುಗಿಯುವುದು 2024ರ ಮಾರ್ಚ್ 31ಕ್ಕೆ. ಪಕ್ಷ ಆಯೋಗಕ್ಕೆ ವರದಿ ಕೊಡುವುದು ಅದಾಗಿ ತಿಂಗಳುಗಳ ಮೇಲೆ. ಅಷ್ಟರಲ್ಲಿ ಸರ್ಕಾರ ರಚನೆಯಾಗಿ ವರ್ಷ ದಾಟಿರುತ್ತದೆ, ಟೆಂಡರ್‌ಗಳೂ ಕರೆದಾಗಿರುತ್ತವೆ.